ಚೀಟಿಯ ಮೇಲಿನ ಹೆಸರು

ಬೆಳಗಾವಿ ನಗರದ ದಕ್ಷಿಣ ಭಾಗದಲ್ಲಿ ಹಿಂದವಾಡಿ ಇದೆ. ಅದರ ನೆರೆಯಲ್ಲಿಯೇ ಟಿಳಕವಾಡಿ. ರಾಣಿ ಪಾರ್ವತಿದೇವಿ ಕಾಲೇಜು, ಗೋವಿಂದರಾಮ ಸೆಕ್ಸರಿಯಾ ವಿಜ್ಞಾನ ಕಾಲೇಜು ಮೊದಲಾದ ವಿದ್ಯಾಸಂಸ್ಥೆಗಳು ಇಲ್ಲಿರುವುದರಿಂದ ಬೆಳಗಿನ ಹೊತ್ತು ಈ ಬೀದಿಗಳಲ್ಲಿ ವಿದ್ಯಾರ್ಥಿಗಳದೇ ಓಡಾಟ. ಅವರಲ್ಲಿ ನಗರದವರೂ ಉಂಟು. ಖಾನಾಪುರದ ಕಡೆಯಿಂದ ಬಸ್ಸಿನಲ್ಲಿಯೋ ರೈಲಿನಲ್ಲಿಯೋ ಬಂದಿಳಿಯುವವರೂ ಉಂಟು. ಮನೆಯಲ್ಲಿ ಕನ್ನಡ ಆಡುವವರು, ಮರಾಠಿ ಆಡುವವರು, ಕೊಂಕಣಿ ಆಡುವವರು ಒಂದೇ ಬೆಂಚಿನ ಮೇಲೆ ಕುಳಿತು ಕಪ್ಪೆಯ ಹೃದಯಕ್ಕೆ ಎಷ್ಟು ಕೋಣೆಗಳೆಂಬುದನ್ನು ಕಲಿಯುವುದು ಈ ಊರಿನಲ್ಲಿ ವಿಶೇಷವೇನಲ್ಲ.

ಚಳಿಗಾಲ ಕಳೆಯುವ ವೇಳೆಗೆ ಕಾಲೇಜುಗಳಲ್ಲಿ ವಾರ್ಷಿಕ ಸ್ನೇಹಸಮ್ಮೇಳನ ಬರುತ್ತದೆ. ಈ ಭಾಗದ ಜನ ಅದನ್ನು ‘ಗ್ಯಾದರಿಂಗ್’ ಎಂದೇ ಕರೆಯುತ್ತಾರೆ. ನಾಟಕ, ಹಾಡು, ಭಾಷಣಗಳು ಮುಗಿದ ಮೇಲೆ ಪಾರಿತೋಷಕ ವಿತರಣೆ. ಜೀವಶಾಸ್ತ್ರ ವಿಭಾಗದ ಸರದಿ ಬಂದಾಗ ಸಸ್ಯಶಾಸ್ತ್ರದಲ್ಲಿ ಅತ್ಯಧಿಕ ಅಂಕ ಗಳಿಸಿದವರು, ಪ್ರಾಣಿಶಾಸ್ತ್ರದಲ್ಲಿ ಅತ್ಯಧಿಕ ಅಂಕ ಗಳಿಸಿದವರು, ಉತ್ತಮ ಸಸ್ಯಸಂಗ್ರಹ ಮಾಡಿದವರು ಒಬ್ಬೊಬ್ಬರಾಗಿ ವೇದಿಕೆ ಏರುತ್ತಾರೆ. ಸಂಶೋಧನೆಗಾಗಿಯೋ ಬೋಧನೆಗಾಗಿಯೋ ಮನ್ನಣೆ ಪಡೆದ ಅಧ್ಯಾಪಕರಿಗೆ ಶಾಲು, ಹಾರ, ಒಂದು ತೆಂಗಿನಕಾಯಿ. ಹಿಂದಿನ ಸಾಲಿನಲ್ಲಿ ಹಳ್ಳಿಯಿಂದ ಬಂದ ತಂದೆಯೊಬ್ಬ ಮಗಳ ಹೆಸರು ಕರೆದ ಕೂಡಲೇ ಎದ್ದು ನಿಂತುಬಿಡುವುದೂ, ಮಗ್ಗುಲಿನವರು ಅವನ ಅಂಗಿ ಹಿಡಿದು ಕೂರಿಸುವುದೂ ಇಂಥ ಸಮಾರಂಭಗಳಲ್ಲಿ ಕಾಣುವ ನೋಟವೇ.

ಪಾರಿತೋಷಕಗಳ ಪಟ್ಟಿಯನ್ನು ಗಮನವಿಟ್ಟು ಓದಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಬಹುಪಾಲು ಪಾರಿತೋಷಕಗಳ ಹಿಂದೆ ಒಂದು ದತ್ತಿನಿಧಿ ಇರುತ್ತದೆ. ತೀರಿಹೋದ ತಾಯಿಯ ಅಥವಾ ತಂದೆಯ ನೆನಪಿಗಾಗಿ ಯಾರೋ ಇಟ್ಟ ಹಣದ ಬಡ್ಡಿಯಿಂದ ಪ್ರತಿವರ್ಷ ಪದಕ ಸಿದ್ಧವಾಗುತ್ತದೆ. ಪದಕ ಪಡೆಯುವವರ ಹೆಸರು ವರ್ಷವರ್ಷವೂ ಬದಲಾಗುತ್ತದೆ. ನಿಧಿಯ ಹೆಸರು ಮಾತ್ರ ಹಾಗೆಯೇ ಉಳಿಯುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ವಿದ್ಯೆಗಾಗಿ ಹಣ ಕೊಟ್ಟವರನ್ನು ನೆನೆಯುವುದು ಯುಕ್ತವೇ. ಆದರೆ ಪದಕದ ಮೇಲೆ ಬರೆಯುವ ಸ್ಥಳ ಬಲು ಚಿಕ್ಕದು. ಮಳೆಯಲ್ಲಿ ನೆನೆದು ಗಿಡ ಹುಡುಕಿದವರು, ಗಾಜಿನ ಭರಣಿಗಳಲ್ಲಿ ಫಾರ್ಮಾಲಿನ್ ಬದಲಾಯಿಸಿ ಕಣ್ಣು ಉರಿಸಿಕೊಂಡ ಪ್ರಯೋಗಶಾಲೆಯ ಜವಾನ, ಸೂಕ್ಷ್ಮದರ್ಶಕವನ್ನು ಮೊದಲ ಸಲ ಸರಿಯಾಗಿ ನೋಡಲು ಕಲಿಸಿದ ಕಿರಿಯ ಅಧ್ಯಾಪಕ, ಇವರೆಲ್ಲರ ಹೆಸರಿಗೆ ಅದರಲ್ಲಿ ಎಡೆಯಿಲ್ಲ.

ಜೀವಶಾಸ್ತ್ರದಲ್ಲಿ ಇನ್ನೊಂದು ಬಗೆಯ ಗೌರವವೂ ಉಂಟು. ಅದನ್ನು ಯಾವ ವೇದಿಕೆಯ ಮೇಲೂ ಕೊಡುವುದಿಲ್ಲ. ಹೊಸದಾಗಿ ಕಂಡುಹಿಡಿದ ಗಿಡಕ್ಕೋ ಪ್ರಾಣಿಗೋ ಶಾಸ್ತ್ರೀಯ ನಾಮವನ್ನಿಡುವಾಗ ಒಬ್ಬ ವ್ಯಕ್ತಿಯ ಹೆಸರನ್ನು ಅದರಲ್ಲಿ ಸೇರಿಸುವ ಪದ್ಧತಿ ಅದು. ಹಣವಿಲ್ಲ, ಪದಕವಿಲ್ಲ, ಒಂದು ಜೀವಿಯ ಹೆಸರಿನೊಡನೆ ಮನುಷ್ಯನ ಹೆಸರು ಜೊತೆಯಾಗುತ್ತದೆ, ಅಷ್ಟೆ. ಇಂಥ ಗೌರವದ ಒಂದು ಪ್ರಸಿದ್ಧ ನಿದರ್ಶನ ಖಾನಾಪುರ ತಾಲ್ಲೂಕಿನ ಕಾಡಿನಲ್ಲಿಯೇ ಇದೆ.

ಖಾನಾಪುರದ ನೈಋತ್ಯಕ್ಕೆ, ಗೋವೆಯ ಗಡಿಯ ಸಮೀಪದಲ್ಲಿ ಸಹ್ಯಾದ್ರಿಯ ದಟ್ಟವಾದ ಅರಣ್ಯವಿದೆ. ಅಲ್ಲಿ ತಳೇವಾಡಿ ಎಂಬ ಪುಟ್ಟ ಹಳ್ಳಿ. ಅದರ ಹತ್ತಿರ ಬಾರಾಪೇಡೆ ಎಂಬ ಗುಹೆ. ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯು 1911ರಲ್ಲಿ ಭಾರತದ ಸಸ್ತನಿಗಳ ಸರ್ವೇಕ್ಷಣೆಯನ್ನು ಆರಂಭಿಸಿತು. ಆ ಕಾರ್ಯದಲ್ಲಿ ಈ ಗುಹೆಯಿಂದ ಒಂದು ವಿಚಿತ್ರವಾದ ಬಾವಲಿ ದೊರೆಯಿತು. ಅದರ ಕಿವಿಗಳು ಬಲು ದೊಡ್ಡವು. ಮುಂದಕ್ಕೆ ಚಾಚಿ ಮೂತಿಯ ಮೇಲೆ ಕೊಡೆ ಹಿಡಿದಂತೆ ಇರುವಂಥವು. ಬಾಲದ ತುದಿ ಪೊರೆಯೊಳಗೆ ಅಡಗದೆ ಹೊರಗೆ ಚಾಚಿಕೊಂಡಿರುತ್ತದೆ. ಮಾದರಿಗಳು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿಗೆ ಹೋದವು. ಅಲ್ಲಿ ಓಲ್ಡ್‌ಫೀಲ್ಡ್ ಥಾಮಸ್ ಎಂಬ ವಿದ್ವಾಂಸನಿದ್ದನು. ತನ್ನ ಜೀವಮಾನದಲ್ಲಿ ಸುಮಾರು 2,000 ಸಸ್ತನಿ ಪ್ರಭೇದ, ಉಪಪ್ರಭೇದಗಳಿಗೆ ನಾಮಕರಣ ಮಾಡಿದ ಮಹಾನುಭಾವನಾತ. 1913ರಲ್ಲಿ ಅವನು ಈ ಬಾವಲಿಯನ್ನು ಹೊಸ ಪ್ರಭೇದವೆಂದು ಸಾರಿ, ಅದಕ್ಕೆ ರಾಟನ್ ಎಂಬವರ ಹೆಸರನ್ನಿಟ್ಟನು. ಇಂದು ಅದರ ಶಾಸ್ತ್ರೀಯ ನಾಮ ಓಟೊಮಾಪ್ಸ್ ರಾಟನೈ.

ಈ ರಾಟನ್ ಯಾರು? ಮುಂಬಯಿ ಪ್ರಾಂತದ ಅರಣ್ಯ ಇಲಾಖೆಯಲ್ಲಿ ದೀರ್ಘಕಾಲ ದುಡಿದ ಆಂಗ್ಲ ಅಧಿಕಾರಿ. ಮೊದಲು ಇರುವೆಗಳನ್ನೂ ಅನಂತರ ಸಸ್ತನಿಗಳನ್ನೂ ಶ್ರದ್ಧೆಯಿಂದ ಅಭ್ಯಾಸ ಮಾಡಿದವರು. ನಿವೃತ್ತರಾದ ಮೇಲೆ ಲಂಡನ್ನಿನಲ್ಲಿ ಕುಳಿತು, ಸರ್ವೇಕ್ಷಣೆಯವರು ಕಳುಹಿಸಿದ ಮಾದರಿಗಳನ್ನು ಪರೀಕ್ಷಿಸುವ ಹೊಣೆಯನ್ನು ಹೊತ್ತವರು. ಅವರ ಪರಿಶ್ರಮವಿಲ್ಲದೆ ಆ ಸರ್ವೇಕ್ಷಣೆ ಅಷ್ಟು ಚೆನ್ನಾಗಿ ನಡೆಯುತ್ತಿರಲಿಲ್ಲವೆಂಬುದು ನಿಜ. ಗೌರವ ಅಪಾತ್ರರಿಗೆ ಸಂದಿತೆಂದು ಯಾರೂ ಹೇಳುವಂತಿಲ್ಲ. ಆದರೂ ಗುಹೆಯ ಕತ್ತಲೆಯೊಳಗೆ ದೀಪ ಹಿಡಿದು ನುಗ್ಗಿದವರು ಬೇರೆಯವರು. ಅಂಥ ಕಾಡಿನಲ್ಲಿ ದಾರಿ ಬಲ್ಲವರ ನೆರವಿಲ್ಲದೆ ಹೊರಗಿನವರು ಗುಹೆಗಳನ್ನು ಮುಟ್ಟುವುದು ಸುಲಭವಲ್ಲ. ಬಾವಲಿಯ ಹೆಸರಿನಲ್ಲಿ ತಳೇವಾಡಿಯೂ ಇಲ್ಲ, ಖಾನಾಪುರವೂ ಇಲ್ಲ.

ಬಹುಕಾಲದವರೆಗೆ ಲೋಕದಲ್ಲಿ ಈ ಬಾವಲಿಗೆ ಬಾರಾಪೇಡೆಯೊಂದೇ ಮನೆಯೆಂದು ತಿಳಿಯಲಾಗಿತ್ತು. 2000ದ ಆಸುಪಾಸಿನಲ್ಲಿ ಕಾಂಬೋಡಿಯ ಮತ್ತು ಮೇಘಾಲಯಗಳಲ್ಲಿಯೂ ಅದು ಕಂಡುಬಂದಿತು. 2011ರ ಡಿಸೆಂಬರಿನಲ್ಲಿ ಖಾನಾಪುರದ ಈ ಕಾಡಿನ 190 ಚದರ ಕಿಲೋಮೀಟರಿಗೂ ಮಿಕ್ಕ ಪ್ರದೇಶವನ್ನು ಭೀಮಗಡ ವನ್ಯಜೀವಿಧಾಮವೆಂದು ಸರ್ಕಾರ ಘೋಷಿಸಿತು. ಪದಕವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬಹುದು. ಇಂಥ ಹೆಸರು ಉಳಿಯಬೇಕಾದರೆ ಗುಹೆ ಉಳಿಯಬೇಕು, ಸುತ್ತಲಿನ ಮರ ಉಳಿಯಬೇಕು, ಮರದಿಂದ ಹುಟ್ಟುವ ಹುಳುಹುಪ್ಪಡಿಯೂ ಉಳಿಯಬೇಕು.

ಬಾವಲಿಗಳ ವಿಷಯದಲ್ಲಿಯೇ ಇನ್ನೊಂದು ಕಥೆಯುಂಟು. 1948ರಲ್ಲಿ ತಮಿಳುನಾಡಿನ ಮಧುರೆ ಸೀಮೆಯ ಬೆಟ್ಟಗಳಲ್ಲಿ ಆಂಗಸ್ ಹಟ್ಟನ್ ಎಂಬ ನಿಸರ್ಗಪ್ರಿಯನು ಒಂದು ಹಣ್ಣುಬಾವಲಿಯನ್ನು ಸಂಗ್ರಹಿಸಿದನು. ಅದನ್ನು ಸಾಮಾನ್ಯವಾದ ಬಾವಲಿಯೆಂದೇ ತಿಳಿದು ಮುಂಬಯಿಯ ಸಂಗ್ರಹಾಲಯದಲ್ಲಿ ಇಟ್ಟುಬಿಟ್ಟರು. ಇಪ್ಪತ್ತನಾಲ್ಕು ವರ್ಷ ಅದು ಅಲ್ಲಿಯೇ ಮಲಗಿತ್ತು. 1972ರಲ್ಲಿ ಥಾಯ್ಲೆಂಡಿನ ಕಿಟ್ಟಿ ಥಾಂಗ್‌ಲಾಂಗ್ಯ ಎಂಬ ವಿಜ್ಞಾನಿ ಆ ಮಾದರಿಯನ್ನು ಪರೀಕ್ಷಿಸಿ, ಇದು ಯಾರೂ ಅರಿಯದ ಹೊಸ ಜಾತಿಯೆಂದು ಗುರುತಿಸಿದರು. ಅದಕ್ಕೆ ಅವರು ತಮ್ಮ ಹೆಸರನ್ನಿಡಲಿಲ್ಲ. ಹೊಸ ಜೀವಿಗೆ ತನ್ನ ಹೆಸರನ್ನು ತಾನೇ ಇಟ್ಟುಕೊಳ್ಳುವುದು ವಿಜ್ಞಾನಿಗಳ ಸಂಪ್ರದಾಯದಲ್ಲಿ ಮರ್ಯಾದೆಯಲ್ಲ. ಪಕ್ಷಿತಜ್ಞ ಸಲೀಂ ಅಲಿಯವರ ಹೆಸರನ್ನಿಟ್ಟರು. ಎರಡೇ ವರ್ಷಗಳಲ್ಲಿ, 1974ರಲ್ಲಿ, ಕಿಟ್ಟಿಯವರು ತೀರಿಕೊಂಡರು. ಅವರು ಥಾಯ್ಲೆಂಡಿನಲ್ಲಿ ಕಂಡುಹಿಡಿದಿದ್ದ ಅತಿ ಚಿಕ್ಕ ಬಾವಲಿಗೆ ಬ್ರಿಟಿಷ್ ವಿಜ್ಞಾನಿ ಹಿಲ್ ಅದೇ ವರ್ಷ ಕಿಟ್ಟಿಯವರ ಹೆಸರನ್ನೇ ಇಟ್ಟರು. ಒಬ್ಬರಿಗೆ ಕೊಟ್ಟದ್ದು ಮತ್ತೊಬ್ಬರ ಕೈಯಿಂದ ಮರಳಿ ಬಂದಿತು.

ಅಧ್ಯಾಪಕರಿಗೆ ಸಲ್ಲುವ ಗೌರವದ ಮಾತು ಇನ್ನೂ ಸೂಕ್ಷ್ಮವಾದುದು. ಭಾರತದ ಸಸ್ಯ ಭ್ರೂಣಶಾಸ್ತ್ರಕ್ಕೆ ಅಡಿಪಾಯ ಹಾಕಿದ ಪಂಚಾನನ ಮಹೇಶ್ವರಿಯವರು ಅಲಹಾಬಾದಿನಲ್ಲಿ ವಿನ್‌ಫೀಲ್ಡ್ ಡಜನ್ ಎಂಬ ಅಮೆರಿಕದ ಗುರುವಿನ ಕೈಕೆಳಗೆ ಕಲಿತವರು. ಗುರುವಿನ ಋಣವನ್ನು ಹೇಗೆ ತೀರಿಸಲೆಂದು ಶಿಷ್ಯರು ಕೇಳಿದಾಗ, ತಾನು ಅವರಿಗೆ ಮಾಡಿದ್ದನ್ನು ಅವರು ತಮ್ಮ ವಿದ್ಯಾರ್ಥಿಗಳಿಗೆ ಮಾಡಬೇಕೆಂದು ಗುರು ತಿಳಿಸಿದರಂತೆ. ಆ ಸಾಲ ಬಡ್ಡಿಸಹಿತ ತೀರಿತೆಂದು ಹೇಳಬಹುದು. ಮಹೇಶ್ವರಿಯವರಿಂದ ಪ್ರೋತ್ಸಾಹ ಪಡೆದವರಲ್ಲಿ ಕನ್ನಡಿಗರಾದ ಬಿ.ಜಿ.ಎಲ್. ಸ್ವಾಮಿಯವರೂ ಒಬ್ಬರು.

ಸ್ವಾಮಿಯವರು ಡಿ.ವಿ. ಗುಂಡಪ್ಪನವರ ಮಗ. ಬೆಂಗಳೂರಿನಲ್ಲಿ ಓದಿ, ಹಾರ್ವರ್ಡಿನಲ್ಲಿ ಇರ್ವಿಂಗ್ ಬೈಲಿಯವರೊಡನೆ ಸಂಶೋಧನೆ ನಡೆಸಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾದರು. ಮುಂದೆ ಅಲ್ಲಿಯೇ ಪ್ರಾಂಶುಪಾಲರೂ ಆದರು. ಮರಗಿಡಗಳ ಕಾಂಡದಲ್ಲಿ ನೀರು ಸಾಗಿಸಲು ನಾಳಗಳಿರುವುದು ಸಾಮಾನ್ಯ. ಸಾರ್ಕಾಂಡ್ರ ಎಂಬ ಗಿಡದ ಕಾಂಡದಲ್ಲಿ ಅಂಥ ನಾಳಗಳಿಲ್ಲವೆಂದು ಸ್ವಾಮಿಯವರೂ ಬೈಲಿಯವರೂ ಕೂಡಿ 1950ರಲ್ಲಿ ತೋರಿಸಿಕೊಟ್ಟರು. ಮುಂದೆ ಸ್ವಾಮಿಯವರು ಸಾರ್ಕಾಂಡ್ರದ ಒಂದು ಪ್ರಭೇದಕ್ಕೆ ಇರ್ವಿಂಗ್ ಬೈಲಿಯವರ ಹೆಸರನ್ನೂ, ಅದೇ ಕುಟುಂಬದ ಆಸ್ಕರಿನದ ಒಂದು ಪ್ರಭೇದಕ್ಕೆ ಮಹೇಶ್ವರಿಯವರ ಹೆಸರನ್ನೂ ಇಟ್ಟರು. ಶಿಷ್ಯವೃತ್ತಿಯ ಕಾಣಿಕೆಗೆ ಇದಕ್ಕಿಂತ ಅಚ್ಚುಕಟ್ಟಾದ ರೂಪ ಸಿಗಲಾರದು.

ಅದೇ ಸ್ವಾಮಿಯವರು ತಮ್ಮ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡುಬೆಟ್ಟಗಳಲ್ಲಿ ಅಲೆದ ಪ್ರವಾಸಗಳನ್ನು ‘ಹಸುರು ಹೊನ್ನು’ ಎಂಬ ಗ್ರಂಥದಲ್ಲಿ ಬರೆದರು. ಗಿಡಗಳ ಚಿತ್ರಗಳನ್ನೂ ತಾವೇ ಬಿಡಿಸಿದರು. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ತಂದೆ ಗುಂಡಪ್ಪನವರಿಗೆ ಅದೇ ಪ್ರಶಸ್ತಿ 1967ರಲ್ಲಿ ಬಂದಿತ್ತು. ಕಾಲೇಜೊಂದರ ಜೀವಶಾಸ್ತ್ರ ವಿಭಾಗಕ್ಕೆ ಇಂಥ ಪ್ರಶಸ್ತಿ ಬಂದುದು ಅಪರೂಪದ ಸಂಗತಿ. ಪ್ರಶಸ್ತಿಪತ್ರದಲ್ಲಿ ಇರುವುದು ಗ್ರಂಥಕರ್ತರೊಬ್ಬರ ಹೆಸರೇ. ಪುಸ್ತಕವನ್ನು ತೆರೆದರೆ ಮಾತ್ರ ಪ್ರಶ್ನೆ ಕೇಳುವ, ತುಂಟತನ ಮಾಡುವ, ದಣಿಯುವ ವಿದ್ಯಾರ್ಥಿಗಳ ಗುಂಪೇ ಎದುರಾಗುತ್ತದೆ.

ವಿದ್ಯಾರ್ಥಿಗಳ ಸಸ್ಯಸಂಗ್ರಹಕ್ಕೂ ತನ್ನದೇ ಆದ ಶಿಸ್ತು ಇದೆ. ಗಿಡವನ್ನು ಕಾಗದಗಳ ನಡುವೆ ಒತ್ತಿ ಒಣಗಿಸಿ, ದಪ್ಪ ಹಾಳೆಗೆ ಅಂಟಿಸಿ, ಬಲಗಡೆಯ ಕೆಳಮೂಲೆಯಲ್ಲಿ ಒಂದು ಚೀಟಿ ಹಚ್ಚಬೇಕು. ಗಿಡದ ಹೆಸರು, ಕುಟುಂಬ, ಸಿಕ್ಕ ಸ್ಥಳ, ದಿನಾಂಕ, ಸಂಗ್ರಹಿಸಿದವರ ಹೆಸರು ಇವಿಷ್ಟು ಅದರಲ್ಲಿರಬೇಕು. ಸ್ಥಳ, ದಿನಾಂಕಗಳಿಲ್ಲದ ಹಾಳೆಗೆ ಎಷ್ಟೇ ಅಂದವಿದ್ದರೂ ಶಾಸ್ತ್ರದಲ್ಲಿ ಬೆಲೆಯಿಲ್ಲ.

ಈ ಊರಿನ ಒಂದು ಕಾಲೇಜಿನಲ್ಲಿ, ಖಾನಾಪುರ ತಾಲ್ಲೂಕಿನ ಹಳ್ಳಿಯಿಂದ ಬರುತ್ತಿದ್ದ ಹುಡುಗಿಯೊಬ್ಬಳು ಮಳೆಗಾಲದ ಕೊನೆಗೆ ಒಂದು ಬಳ್ಳಿಯನ್ನು ಹಾಳೆಗೆ ಅಂಟಿಸಿ, ಚೀಟಿಯ ಕೊನೆಯ ಸಾಲನ್ನು ಖಾಲಿ ಬಿಟ್ಟು ಅಧ್ಯಾಪಕರ ಮೇಜಿನ ಬಳಿ ನಿಂತಳು.

“ಸರ್, ಇದನ್ನ ಗುರ್ತು ಹಿಡದು ತೋರಿಸಿದಾಕಿ ನಮ್ಮ ಆಯಿ. ಹೊಟ್ಟಿಬ್ಯಾನಿಗೆ ಕೊಡ್ತಾಳ್ರಿ. ನಾ ಬರೇ ಕಿತ್ತುಕೊಂಡು ಬಂದೀನ್ರಿ. ಇಲ್ಲೆ ಯಾರ ಹೆಸರು ಬರೀಲಿ?”

ಅಧ್ಯಾಪಕರು ಕನ್ನಡಕವನ್ನು ತೆಗೆದು ಹಾಳೆಯನ್ನು ಒಮ್ಮೆ ನೋಡಿದರು. “ತಂದಾಕಿ ನೀನ. ನಿನ್ನ ಹೆಸರು ಬರಿಯವಾ. ಅದರ ಕೆಳಗ, ತೋರಿಸಿದವರು ಅಂತ ಬರದು, ನಿಮ್ಮ ಆಯೀ ಹೆಸರು ಬರಿ. ಊರೂ ಬರಿ.”

“ಆಕಿಗೆ ಓದಾಕ ಬರೂದಿಲ್ರಿ.”

“ಅದಕ್ಕ ನೀ ಬರೀಬೇಕು.”

ಆ ಹುಡುಗಿ ಕೇಳಿದ ಪ್ರಶ್ನೆ ಚಿಕ್ಕದಲ್ಲ. 1987ರಲ್ಲಿ ಕೇರಳದ ಅಗಸ್ತ್ಯಬೆಟ್ಟದಲ್ಲಿ ವಿಜ್ಞಾನಿಗಳ ತಂಡವೊಂದಕ್ಕೆ ಇದೇ ಪ್ರಶ್ನೆ ಎದುರಾಗಿತ್ತು. ದಾರಿ ತೋರಿಸಲು ಬಂದ ಕಾಣಿ ಬುಡಕಟ್ಟಿನವರು ಯಾವುದೋ ಕಾಯಿಯನ್ನು ತಿನ್ನುತ್ತ ದಣಿವಿಲ್ಲದೆ ನಡೆಯುತ್ತಿದ್ದರು. ವಿಜ್ಞಾನಿಗಳು ಒತ್ತಾಯಿಸಿದ ಮೇಲೆ ಆರೋಗ್ಯಪಚ್ಚ ಎಂಬ ಆ ಗಿಡವನ್ನು ತೋರಿಸಿದರು. ಅದರಿಂದ ‘ಜೀವನಿ’ ಎಂಬ ಔಷಧ ಸಿದ್ಧವಾಗಿ, 1995ರಲ್ಲಿ ತಯಾರಿಕೆಯ ಹಕ್ಕನ್ನು ಒಂದು ಔಷಧಶಾಲೆಗೆ ಕೊಟ್ಟಾಗ, ಬಂದ ಹಣದಲ್ಲಿ ಅರ್ಧವನ್ನು ಕಾಣಿ ಜನರಿಗೆ ಸಲ್ಲಿಸುವುದೆಂದು ತೀರ್ಮಾನವಾಯಿತು. ಹಂಚಿಕೆ ಸುಗಮವಾಗಿಯೇನೂ ಸಾಗಲಿಲ್ಲ. ಕಾಣಿಗಳಲ್ಲಿಯೇ ಭಿನ್ನಾಭಿಪ್ರಾಯಗಳು ಎದ್ದವು. ಆದರೂ ಗಿಡವನ್ನು ತೋರಿಸಿದವರಿಗೂ ಪಾಲು ಉಂಟೆಂಬುದನ್ನು ಒಪ್ಪಿ ನಡೆದ ಪ್ರಥಮ ಪ್ರಯತ್ನಗಳಲ್ಲಿ ಅದೂ ಒಂದು. ಜಗತ್ತಿನ ಬೇರೆ ದೇಶಗಳವರೂ ಅದನ್ನು ಕುತೂಹಲದಿಂದ ಗಮನಿಸಿದರು.

ಆ ವರ್ಷದ ಗ್ಯಾದರಿಂಗಿನಲ್ಲಿ ಸಸ್ಯಸಂಗ್ರಹದ ಪಾರಿತೋಷಕ ಬೇರೊಬ್ಬ ವಿದ್ಯಾರ್ಥಿಗೆ ಹೋಯಿತು. ಅವನ ಹಾಳೆಗಳು ಹೆಚ್ಚು ಇದ್ದವು, ಅಕ್ಷರವೂ ಅಂದವಾಗಿತ್ತು. ಹುಡುಗಿ ಮುಂದಿನ ಸಾಲಿನಲ್ಲಿ ಕುಳಿತು ಉಳಿದವರಂತೆಯೇ ಚಪ್ಪಾಳೆ ತಟ್ಟಿದಳು. ಅವಳು ತಂದ ಬಳ್ಳಿಯ ಹಾಳೆ ವಿಭಾಗದ ಬೀರುವಿನೊಳಗೆ, ತನ್ನ ಕುಟುಂಬದ ಕಟ್ಟಿನಲ್ಲಿ ಸೇರಿಕೊಂಡಿತು. ಪ್ರತಿ ಮಳೆಗಾಲದ ಮುನ್ನ ಜವಾನನು ಬೀರುವನ್ನು ತೆರೆದು, ಕಟ್ಟುಗಳ ಧೂಳು ಒರಸಿ, ಮೂಲೆಮೂಲೆಗೆ ಹೊಸ ನುಸಿಗುಳಿಗೆಗಳನ್ನು ಇಡುತ್ತಾನೆ. ಬಲಗಡೆಯ ಕೆಳಮೂಲೆಯ ಚೀಟಿಯಲ್ಲಿ ಮೊಮ್ಮಗಳ ಹೆಸರಿನ ಕೆಳಗೆ ಅಜ್ಜಿಯ ಹೆಸರು, ಅದರ ಕೆಳಗೆ ಊರಿನ ಹೆಸರು, ಮೊಮ್ಮಗಳ ಕೈಬರಹದಲ್ಲಿ ಇವೆ.