ಇನ್ಸುಲಿನ್ ಹುಟ್ಟಿದ ಊರಿಗೆ ಒಂದು ಬೇಸಿಗೆ

ಮಗನೋ ಮಗಳೋ ಟೊರಾಂಟೊದಲ್ಲಿ ನೆಲೆಸಿದ್ದರೆ ‘ಈ ಬೇಸಿಗೆಗೆ ಬಂದುಬಿಡಿ’ ಎಂಬ ಕರೆ ಚಳಿಗಾಲದಲ್ಲೇ ಶುರುವಾಗುತ್ತದೆ. ಆ ಬೇಸಿಗೆ ಯಾವ ಊರಿನದು ಎಂಬುದನ್ನು ಮೊದಲು ಇತ್ಯರ್ಥ ಮಾಡಿಕೊಳ್ಳುವುದು ಒಳ್ಳೆಯದು. ಕರ್ನಾಟಕದ ಶಾಲೆಗಳಿಗೆ ರಜೆ ಏಪ್ರಿಲ್-ಮೇ ತಿಂಗಳಲ್ಲಿ. ಟೊರಾಂಟೊ ಶಾಲೆಗಳು ಮುಚ್ಚುವುದು ಜೂನ್ ಕೊನೆಗೆ, ಮತ್ತೆ ತೆರೆಯುವುದು ಸೆಪ್ಟೆಂಬರಿನ ಮೊದಲ ಸೋಮವಾರ ಕಳೆದ ಮೇಲೆ. ಇಲ್ಲಿನ ರಜೆಯನ್ನು ನಂಬಿ ಏಪ್ರಿಲ್ ನಡುವಿನಲ್ಲಿ ಹೋಗಿ ಇಳಿದವರಿಗೆ ಸಿಗುವುದು ಎಲೆಯಿಲ್ಲದ ಮರಗಳು, ಬಿಚ್ಚಲಾಗದ ಸ್ವೆಟರು ಮತ್ತು ಬೆಳಿಗ್ಗೆಯೇ ಶಾಲೆಗೆ ಹೊರಟು ನಿಂತ ಮೊಮ್ಮಕ್ಕಳು!

ನಿವೃತ್ತರಾದ ತಂದೆ ತಾಯಿಗಳಿಗೆ ಜೂನ್ ನಡುವಿನಿಂದ ಸೆಪ್ಟೆಂಬರ್‌ವರೆಗಿನ ಕಾಲವೇ ಸರಿ. ಶಾಲೆಗೆ ಹೋಗುವ ಮಕ್ಕಳನ್ನು ಕರೆದೊಯ್ಯುವವರು ಮೇ ತಿಂಗಳ ಮೂರು ವಾರಗಳಿಗೆ ತೃಪ್ತರಾಗಬೇಕು. ಅದೇನೂ ಕೆಟ್ಟ ಕಾಲವಲ್ಲ. ಜಪಾನ್ 1959ರಲ್ಲಿ ಕೊಟ್ಟ ಚೆರ್ರಿ ಮರಗಳು ಹೈ ಪಾರ್ಕ್‌ನಲ್ಲಿ ಸಾಮಾನ್ಯವಾಗಿ ಏಪ್ರಿಲ್ ಕೊನೆ, ಮೇ ಮೊದಲ ವಾರಗಳಲ್ಲಿ ಹೂ ಬಿಡುತ್ತವೆ. ಆದರೆ ಒಂಟಾರಿಯೊ ಸರೋವರದ ದಂಡೆಯಲ್ಲಿ ಆಗಲೂ ಥಂಡಿ ಗಾಳಿ. 240 ಮೀಟರಿಗೂ ಹೆಚ್ಚು ಆಳವಿರುವ ಆ ನೀರು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ನಿಜವಾದ ಸೆಕೆ ಜುಲೈನಲ್ಲಿ.

ಜೂನ್ 21ರ ಸುಮಾರಿಗೆ ಅಲ್ಲಿ ಹಗಲು ಸುಮಾರು ಹದಿನೈದೂವರೆ ಗಂಟೆ. ಬೆಂಗಳೂರಿನ ಅತಿ ದೀರ್ಘ ಹಗಲು ಹದಿಮೂರು ಗಂಟೆಯನ್ನೂ ಮುಟ್ಟುವುದಿಲ್ಲ. ರಾತ್ರಿ ಒಂಬತ್ತಕ್ಕೂ ಬೆಳಕಿರುವುದರಿಂದ, ಮಗ ಸೊಸೆ ಕೆಲಸದಿಂದ ಬಂದ ಮೇಲೂ ಮೂರು ಗಂಟೆ ಸುತ್ತಾಡಬಹುದು. ಗಡಿಯಾರವನ್ನು ಬೇಸಿಗೆಗೆಂದು ಒಂದು ಗಂಟೆ ಮುಂದಿಟ್ಟಿರುವುದರಿಂದ ಸೂರ್ಯ ನೆತ್ತಿಗೆ ಹತ್ತಿರವಾಗುವುದು ಮಧ್ಯಾಹ್ನ ಒಂದು ಇಪ್ಪತ್ತರ ಸುಮಾರಿಗೆ. ಮಕ್ಕಳಿಗೆ ಇಲ್ಲೊಂದು ಸೊಗಸಾದ ಪ್ರಯೋಗವಿದೆ. ಆ ದಿನ ನಡುಹಗಲಲ್ಲಿ ಒಂದು ಮೀಟರ್ ಕೋಲನ್ನು ನೆಟ್ಟರೆ ಟೊರಾಂಟೊದಲ್ಲಿ ನೆರಳು ಸುಮಾರು 37 ಸೆಂ.ಮೀ., ಉತ್ತರಕ್ಕೆ. ಬೆಂಗಳೂರಿನಲ್ಲಿ ಸುಮಾರು 18 ಸೆಂ.ಮೀ., ಅದೂ ದಕ್ಷಿಣಕ್ಕೆ! ಅಲ್ಲಿ ಅಣ್ಣ, ಇಲ್ಲಿ ತಂಗಿ ಅಳೆದು, ನೆರಳಿನಿಂದ ಎರಡೂ ಕೋನಗಳನ್ನು ಲೆಕ್ಕಹಾಕಿ ಕೂಡಿಸಿದರೆ ಎರಡು ಊರುಗಳ ಅಕ್ಷಾಂಶದ ವ್ಯತ್ಯಾಸ ಕೈಗೆ ಬರುತ್ತದೆ. ವಿಮಾನದ ಟಿಕೆಟ್ಟಿಲ್ಲದವರೂ ಇದರಲ್ಲಿ ಪಾಲುಗೊಳ್ಳಬಹುದು.

ಇನ್ನು ಕಾಗದ ಪತ್ರಗಳು. ಸಾಮಾನ್ಯ ಭೇಟಿಯ ವೀಸಾದಲ್ಲಿ ಒಮ್ಮೆ ಹೋದರೆ ಸಾಧಾರಣವಾಗಿ ಆರು ತಿಂಗಳು ಇರಬಹುದು. ಬೇಸಿಗೆಗೆ ಅಷ್ಟು ಧಾರಾಳ ಸಾಕು. ತಂದೆ ತಾಯಿ, ಅಜ್ಜ ಅಜ್ಜಿಯರಿಗೆಂದೇ ಇರುವ ‘ಸೂಪರ್ ವೀಸಾ’ದಲ್ಲಿ 2022ರ ಜುಲೈನಿಂದ ಒಂದೇ ಸಲಕ್ಕೆ ಐದು ವರ್ಷದವರೆಗೆ ಇರಲು ಅವಕಾಶವಿದೆ. ಅದಕ್ಕೆ ಕನಿಷ್ಠ ಒಂದು ಲಕ್ಷ ಕೆನಡಾ ಡಾಲರಿನ ಆರೋಗ್ಯ ವಿಮೆ ಕಡ್ಡಾಯ. ಸಾಮಾನ್ಯ ವೀಸಾದವರಿಗೆ ಆ ಕಡ್ಡಾಯವಿಲ್ಲವೆಂದು ವಿಮೆಯನ್ನೇ ಬಿಟ್ಟು ಹೊರಡುವುದು ಉಳಿತಾಯವಲ್ಲ, ಜೂಜು. ಅಲ್ಲಿನವರಿಗಿರುವ ಸರ್ಕಾರಿ ಚಿಕಿತ್ಸೆಯ ಸೌಲಭ್ಯ ಪ್ರವಾಸಿಗರಿಗಿಲ್ಲ. ಒಂದೆರಡು ದಿನ ಆಸ್ಪತ್ರೆಯಲ್ಲಿ ಮಲಗಿದರೂ ಮಗನ ವರ್ಷಗಳ ಗಳಿಕೆ ಕರಗಬಹುದು. ವಿಮೆ ಕೊಳ್ಳುವಾಗ ಕಂತಿನ ಮೊತ್ತಕ್ಕಿಂತ ಮೊದಲು ಓದಬೇಕಾದದ್ದು ‘ಮೊದಲೇ ಇರುವ ಕಾಯಿಲೆ’ಗಳ ಷರತ್ತನ್ನು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇದ್ದವರಿಗೆ, ಹೊರಡುವ ಮುಂಚಿನ ತಿಂಗಳುಗಳಲ್ಲಿ ಮಾತ್ರೆಯ ಪ್ರಮಾಣ ಬದಲಾಗಿದ್ದರೆ ಪರಿಹಾರ ಕೊಡದ ವಿಮೆಗಳೂ ಉಂಟು.

ಇನ್ಸುಲಿನ್ ಚುಚ್ಚಿಕೊಳ್ಳುವವರು ಅದನ್ನು ಕೈಚೀಲದಲ್ಲೇ ಒಯ್ಯಬೇಕು. ಸಾಮಾನಿನ ಅಂಕಣದಲ್ಲಿ ಅದು ಹೆಪ್ಪುಗಟ್ಟುವ ಭಯವಿದೆ, ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು. ವೈದ್ಯರ ಚೀಟಿ ಜೊತೆಗಿರಲಿ. ಪಶ್ಚಿಮಕ್ಕೆ ಹಾರುವಾಗ ಆ ಒಂದು ದಿನ ಒಂಬತ್ತೂವರೆ ಗಂಟೆ ಹಿಗ್ಗುತ್ತದೆ. ಯಾವ ಊಟಕ್ಕೆ ಎಷ್ಟು, ಯಾವ ಗಡಿಯಾರದಂತೆ ಎಂಬುದನ್ನು ಹೊರಡುವ ಮುಂಚೆಯೇ ವೈದ್ಯರಿಂದ ಬರೆಸಿಕೊಳ್ಳಬೇಕು.

ಹೀಗೆ ಜೋಪಾನವಾಗಿ ಆ ಪುಟ್ಟ ಸೀಸೆಯನ್ನು ಹೊತ್ತು ತರುವ ಎಷ್ಟೋ ಜನರಿಗೆ, ತಾವು ಅದನ್ನು ತವರಿಗೇ ತಂದಿದ್ದೇವೆಂದು ತಿಳಿದಿರುವುದಿಲ್ಲ. ಕ್ವೀನ್ಸ್ ಪಾರ್ಕ್ ಸುರಂಗ ರೈಲು ನಿಲ್ದಾಣದಲ್ಲಿ ಇಳಿದು ಹತ್ತು ನಿಮಿಷ ನಡೆದರೆ ಟೊರಾಂಟೊ ವಿಶ್ವವಿದ್ಯಾಲಯದ ಮೆಡಿಕಲ್ ಸೈನ್ಸಸ್ ಕಟ್ಟಡ. ಆ ಜಾಗದಲ್ಲಿದ್ದ ಹಳೆಯ ವೈದ್ಯಕೀಯ ಕಟ್ಟಡದಲ್ಲಿ, 1921ರ ಬೇಸಿಗೆಯಲ್ಲಿ, ಫ್ರೆಡರಿಕ್ ಬ್ಯಾಂಟಿಂಗ್ ಎಂಬ 29 ವರ್ಷದ ಶಸ್ತ್ರವೈದ್ಯ ಮತ್ತು ಚಾರ್ಲ್ಸ್ ಬೆಸ್ಟ್ ಎಂಬ 22ರ ಹುಡುಗ ನಾಯಿಗಳ ಮೇದೋಜೀರಕ ಗ್ರಂಥಿಯಿಂದ ಸಾರ ತೆಗೆಯಲು ಒದ್ದಾಡುತ್ತಿದ್ದರು. ಸಹಾಯಕ್ಕೆ ಯಾರು ಮೊದಲು ನಿಲ್ಲಬೇಕೆಂದು ಬೆಸ್ಟ್ ಮತ್ತು ಅವನ ಸಹಪಾಠಿ ನಾಣ್ಯ ಚಿಮ್ಮಿ ತೀರ್ಮಾನಿಸಿದರಂತೆ. ಪ್ರಯೋಗಾಲಯ ಕೊಟ್ಟ ಪ್ರೊಫೆಸರ್ ಮ್ಯಾಕ್‌ಲಿಯಡ್ ಬೇಸಿಗೆಗೆಂದು ಸ್ಕಾಟ್ಲೆಂಡಿಗೆ ಹೋಗಿದ್ದರು. ಸೆಕೆ ವಿಪರೀತ, ಸತ್ತ ನಾಯಿಗಳೇ ಹೆಚ್ಚು.

ಆ ಕಾಲದಲ್ಲಿ ಸಕ್ಕರೆ ಕಾಯಿಲೆ ಬಂದ ಮಗುವಿಗೆ ಇದ್ದ ಚಿಕಿತ್ಸೆ ಅರೆಹೊಟ್ಟೆಯ ಪಥ್ಯ ಒಂದೇ. ಅದು ಸಾವನ್ನು ಮುಂದೂಡುತ್ತಿತ್ತು, ಅಷ್ಟೆ. 1922ರ ಜನವರಿ 11ರಂದು ಟೊರಾಂಟೊ ಜನರಲ್ ಆಸ್ಪತ್ರೆಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ ಹದಿನಾಲ್ಕರ ಬಾಲಕನಿಗೆ ಮೊದಲ ಚುಚ್ಚುಮದ್ದು ಕೊಟ್ಟರು. ಎಲುಬು ಎಣಿಸುವಂತಿದ್ದ ಅವನ ತೂಕ ಮೂವತ್ತು ಕಿಲೋ ಸುಮಾರು. ಸಾರ ಶುದ್ಧವಿರಲಿಲ್ಲ, ಗುಣ ಕಾಣಲಿಲ್ಲ, ಚುಚ್ಚಿದ ಜಾಗ ಬಾತುಕೊಂಡಿತು. ಜೀವರಸಾಯನ ತಜ್ಞ ಜೇಮ್ಸ್ ಕೊಲಿಪ್ ಹಗಲಿರುಳು ಅದನ್ನು ಶುದ್ಧಗೊಳಿಸಿದರು. ಹನ್ನೆರಡು ದಿನಗಳ ನಂತರ ಮತ್ತೆ ಚುಚ್ಚಿದಾಗ ರಕ್ತದ ಸಕ್ಕರೆ ಇಳಿಯಿತು. ಹುಡುಗ ಮತ್ತೆ ಹದಿಮೂರು ವರ್ಷ ಬದುಕಿದ. ಬ್ಯಾಂಟಿಂಗ್, ಬೆಸ್ಟ್, ಕೊಲಿಪ್ ತಮ್ಮ ಪೇಟೆಂಟನ್ನು ವಿಶ್ವವಿದ್ಯಾಲಯಕ್ಕೆ ತಲಾ ಒಂದು ಡಾಲರಿಗೆ ಕೊಟ್ಟುಬಿಟ್ಟರು. 1923ರ ನೊಬೆಲ್ ಬ್ಯಾಂಟಿಂಗ್ ಮತ್ತು ಮ್ಯಾಕ್‌ಲಿಯಡ್‌ಗೆ ಬಂದಾಗ, ಬ್ಯಾಂಟಿಂಗ್ ತನ್ನ ಹಣದಲ್ಲಿ ಅರ್ಧ ಬೆಸ್ಟ್‌ಗೆ, ಮ್ಯಾಕ್‌ಲಿಯಡ್ ತನ್ನದರಲ್ಲಿ ಅರ್ಧ ಕೊಲಿಪ್‌ಗೆ ಹಂಚಿದರು. ಬ್ಯಾಂಟಿಂಗ್ ಹುಟ್ಟಿದ್ದು ನವೆಂಬರ್ 14ರಂದು. ಇಲ್ಲಿನ ಶಾಲೆಗಳಲ್ಲಿ ಮಕ್ಕಳ ದಿನಾಚರಣೆ ನಡೆಯುವ ದಿನವೇ ಜಗತ್ತಿಗೆ ಮಧುಮೇಹ ದಿನ.

ಹಳೆಯ ಆಸ್ಪತ್ರೆಯ ಕಟ್ಟಡ ಕಾಲೇಜ್ ಸ್ಟ್ರೀಟ್‌ನ ‘ಮಾರ್ಸ್’ ಸಂಶೋಧನಾ ಕೇಂದ್ರದೊಳಗೆ ಸೇರಿಹೋಗಿ ಇನ್ನೂ ನಿಂತಿದೆ. ಬ್ಯಾಂಟಿಂಗ್, ಬೆಸ್ಟ್‌ರ ಕೈಬರಹದ ಟಿಪ್ಪಣಿಗಳು ವಿಶ್ವವಿದ್ಯಾಲಯದ ಫಿಶರ್ ಗ್ರಂಥಾಲಯದ ಸಂಗ್ರಹದಲ್ಲಿವೆ. ನೋಡಲು ಅದ್ದೂರಿಯಾದುದು ಇಲ್ಲೇನೂ ಇಲ್ಲ. ಆದರೆ 553 ಮೀಟರಿನ ಸಿ.ಎನ್. ಗೋಪುರಕ್ಕೆ ಟಿಕೆಟ್ ಕೊಂಡು ಸಾಲಿನಲ್ಲಿ ನಿಲ್ಲುವ ಹಿರಿಯರಿಗೆ ಈ ಬೀದಿಯಲ್ಲಿ ಒಂದು ಬೆಳಿಗ್ಗೆ ಕಳೆಯಲು ಹೇಳುವವರೇ ಇಲ್ಲದಿರುವುದು ವಿಚಿತ್ರ. ನಯಾಗರಾಕ್ಕಂತೂ ಮಕ್ಕಳು ಕರೆದುಕೊಂಡು ಹೋಗೇ ಹೋಗುತ್ತಾರೆ.

ಒಂದು ಎಚ್ಚರಿಕೆ. ಹಳೆಯ ಪ್ರವಾಸ ಪುಸ್ತಕಗಳೆಲ್ಲ ಮಕ್ಕಳಿಗೆ ಮೊದಲು ಹೇಳುವುದು 1969ರಲ್ಲಿ ತೆರೆದ ಒಂಟಾರಿಯೊ ವಿಜ್ಞಾನ ಕೇಂದ್ರವನ್ನು. ಆ ಕಟ್ಟಡವನ್ನು ಚಾವಣಿಯ ಕಾಂಕ್ರೀಟ್ ಹಲಗೆಗಳು ಅಪಾಯಕಾರಿ ಎಂಬ ಕಾರಣ ಕೊಟ್ಟು 2024ರ ಜೂನ್ 21ರಂದು ಮುಚ್ಚಲಾಯಿತು. ಪಟ್ಟಿಯಲ್ಲಿ ಅದರ ಜಾಗಕ್ಕೆ ಡಾನ್ ಕಣಿವೆಯ ಹಳೆಯ ಇಟ್ಟಿಗೆ ಕಾರ್ಖಾನೆಯನ್ನು ಬರೆದುಕೊಳ್ಳಬಹುದು. ಇಟ್ಟಿಗೆಗಾಗಿ ಮಣ್ಣು ಅಗೆದ ಗುಂಡಿಯ ಉತ್ತರದ ಗೋಡೆಯಲ್ಲಿ ಭೂವಿಜ್ಞಾನಿ ಎ.ಪಿ. ಕೋಲ್ಮನ್ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಎರಡು ಹಿಮಯುಗಗಳ ನಡುವಿನ ಪದರಗಳನ್ನು ಗುರುತಿಸಿದರು. ಸುಮಾರು ಒಂದು ಲಕ್ಷ ಇಪ್ಪತ್ತು ಸಾವಿರ ವರ್ಷಗಳಷ್ಟು ಹಳೆಯ ಆ ಪದರದಲ್ಲಿ ಸಿಕ್ಕ ಎಲೆ, ಕಟ್ಟಿಗೆಗಳ ಪಳೆಯುಳಿಕೆಗಳು ಆಗಿನ ಟೊರಾಂಟೊ ಈಗಿಗಿಂತ ಬೆಚ್ಚಗಿತ್ತೆಂದು ಹೇಳುತ್ತವೆ. ಈಗ ಗೋಡೆಯ ಬಹುಭಾಗದ ಮೇಲೆ ಗಿಡ ಬೆಳೆದಿದೆ, ಗುಂಡಿ ಕೊಳವಾಗಿ ದಂಡೆಯ ಮೇಲೆ ಆಮೆಗಳು ಬಿಸಿಲು ಕಾಯಿಸುತ್ತಿರುತ್ತವೆ. ಪ್ರವೇಶಕ್ಕೆ ಹಣವಿಲ್ಲ. ಸಂಜೆ ಆರಕ್ಕೆ ಹೊರಟರೂ ಬೆಳಕಿರುವಾಗಲೇ ಮನೆ ಸೇರಬಹುದು.