ಇರುವೆ ತಿನ್ನುವ ಪುಟ್ಟ ಕಪ್ಪೆ

ಭತ್ತದ ನಾಟಿ ಮುಗಿದಿತ್ತು. ಸಂಜೆ ಮಳೆ ನಿಂತ ಮೇಲೆ ಕಟ್ಟೆಮಳಲವಾಡಿ ನಾಲೆ ಪಕ್ಕ ಕೂತು ಕಪ್ಪೆಗಳ ದನಿಯನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡುತ್ತಿದ್ದೆವು. ನಾಲೆಯಲ್ಲಿ ಔಷಧಿ ಪಂಪು ತೊಳೆಯುತ್ತಿದ್ದ ದೊಡ್ಡಪ್ಪ, "ಕಪ್ಪೆ ಕೂಗೋದ ಹಿಡ್ಕೊಂಡು ಏನ್ ಮಾಡ್ತೀರ್ಲಾ?" ಅಂದರು. ನಮಗೆ ಉತ್ತರ ಹೊಳೆಯಲಿಲ್ಲ.

ಆಮೇಲೆ ಓದಿಕೊಂಡೆವು. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಸಿಕ್ಕ ಒಂದು ಪುಟ್ಟ ಕಪ್ಪೆಗೆ ವಿಜ್ಞಾನಿಗಳು 2000ರಲ್ಲಿ ಅಲ್ಲಿನ ಸೋಲಿಗರ ಹೆಸರನ್ನೇ ಇಟ್ಟರು: ಮೈಕ್ರೊಹೈಲಾ ಶೋಲಿಗರಿ. ಇದರ ಬಾಯಿ ಕಿರಿದು. ಈ ಗುಂಪಿನ ಕಪ್ಪೆಗಳಿಗೆ ಇರುವೆ, ಗೆದ್ದಲೇ ಮುಖ್ಯ ಊಟ. ಬೆಟ್ಟದಲ್ಲಷ್ಟೇ ಇದೆ ಅಂದುಕೊಂಡು ಅಳಿವಿನಂಚಿನ ಪಟ್ಟಿಗೆ ಸೇರಿಸಿದ್ದರು. ಮುಂದೆ ಹುಡುಕಿದಾಗ ಬೆಟ್ಟದ ಆಚೆಯೂ ಸಿಕ್ಕಿತು. ನಮ್ಮ ಬದುಗಳಲ್ಲಿ ಯಾವ ಯಾವ ಕಪ್ಪೆ ಇವೆ ಅಂತ ನಾವು ಒಂದು ದಿನವೂ ನೋಡಿರಲಿಲ್ಲ.

ಕಪ್ಪೆ ಬಾಯಲ್ಲಿ ನೀರು ಕುಡಿಯುವುದಿಲ್ಲ, ಚರ್ಮದಿಂದ ಹೀರುತ್ತದೆ. ನೀರಿಗೆ ಬಿದ್ದ ಔಷಧಿಯೂ ಹಾಗೇ ಒಳಗೆ ಹೋಗುತ್ತದೆ. ಬದುವಿನ ಇರುವೆ ಸತ್ತರೆ ಊಟವೂ ಹೋಯಿತು.

ಇದನ್ನೆಲ್ಲ ದೊಡ್ಡಪ್ಪನಿಗೆ ಹೇಳಿದೆವು. "ಔಷಧಿ ಹೊಡೀದೆ ಬೆಳೆ ಹೋದ್ರೆ ನೀವು ಕೊಡ್ತೀರಾ?" ಅಂದರು. ಆ ಮಾತಿಗೂ ನಮ್ಮಲ್ಲಿ ಉತ್ತರವಿಲ್ಲ. ಆದರೆ ಈಗ ಅವರು ಪಂಪನ್ನು ನಾಲೆಯಲ್ಲಿ ತೊಳೆಯುವುದಿಲ್ಲ.