ನೂರು ಕೋಳಿಗೆ ಒಂದು ಬಾಟಲಿ

ನಮ್ಮ ಅವ್ವ ಬೆಳಿಗ್ಗೆ ಎದ್ದು ಮೊದಲು ಮಾಡುವ ಕೆಲಸ ಹಿತ್ತಲಿಗೆ ಹೋಗಿ ಕೋಳಿ ಗೂಡಿನ ಬಾಯಿಗೆ ಇಟ್ಟ ಕಲ್ಲು ಸರಿಸುವುದು. ಮುಖ ತೊಳೆಯುವುದು, ಒಲೆ ಹಚ್ಚುವುದು ಎಲ್ಲ ಆಮೇಲೆ. ಕೋಳಿಗಳು ರೆಕ್ಕೆ ಬಡಿಯುತ್ತ ಒಂದೊಂದಾಗಿ ಹೊರಗೆ ಬರುತ್ತವೆ. ಅವ್ವ ಎಣಿಸುತ್ತಾಳೆ. ಲೆಕ್ಕ ಸರಿ ಇದ್ದರೆ ಒಂದು ಹಿಡಿ ಜೋಳದ ನುಚ್ಚು ಎರಚಿ ಒಳಗೆ ಬರುತ್ತಾಳೆ. ಆಮೇಲೆ ಚಹಾ.

ಯುಗಾದಿ ಹತ್ತಿರ ಬಂದಿತ್ತು. ಆ ದಿನ ಅವ್ವ 14ಕ್ಕೆ ನಿಂತಳು. ಇರಬೇಕಾದದ್ದು 17. ಗೂಡಿನೊಳಗೆ ಕೈ ಹಾಕಿ ಒಂದೊಂದಾಗಿ ಮೂರನ್ನು ಹೊರಗೆ ತೆಗೆದಳು. ಮೂರೂ ಸೆಟೆದುಕೊಂಡಿದ್ದವು.

"ತಮ್ಮಾ, ಇಲ್ಲಿ ಬಾ" ಅಂದಳು. ಅಷ್ಟೇ.

ನಾನು ಉಪ್ಪಿನಬೆಟಗೇರಿಯವನು. ಪತ್ರಿಕೆಗೆ ಸುದ್ದಿ ಕಳಿಸುವುದು ನನ್ನ ಕೆಲಸ. ತಿಂಗಳ ಪಗಾರ ಅಲ್ಲ, ಸುದ್ದಿಗೆ ಇಷ್ಟು ಅಂತ. ಪತ್ರಿಕೋದ್ಯಮ ಡಿಪ್ಲೊಮಾ ಓದುವಾಗ ದಿನಾ ಧಾರವಾಡಕ್ಕೆ ಓಡಾಡುತ್ತಿದ್ದೆ. ಆಗಿನ ನನ್ನ ಬಸ್ ಪಾಸಿನ ರೊಕ್ಕ ಬಂದದ್ದು ಇದೇ ಗೂಡಿನಿಂದ. ಅಪ್ಪನ ಕೂಲಿ ಮನೆಗೆ, ಅವ್ವನ ತತ್ತಿ ರೊಕ್ಕ ನನ್ನ ಓದಿಗೆ. ಹಾಗಾಗಿ ಕೋಳಿ ಸತ್ತರೆ ನಮ್ಮ ಮನೆಯಲ್ಲಿ ಅದು ಸಣ್ಣ ಸಂಗತಿ ಅಲ್ಲ.

ಜವಾರಿ ಕೋಳಿ ಫಾರಂ ಕೋಳಿ ಹಾಗೆ ದಿನಾ ತತ್ತಿ ಇಡುವುದಿಲ್ಲ. ಹನ್ನೆರಡೋ ಹದಿನೈದೋ ಇಟ್ಟು ಕಾವಿಗೆ ಕೂರುತ್ತದೆ. ವರ್ಷಕ್ಕೆ 50-60 ಬಂದರೆ ಪುಣ್ಯ. ಆದರೆ ಅದಕ್ಕೆ ಕೊಟ್ಟಿಗೆ ಬೇಡ, ಕರೆಂಟು ಬೇಡ. ಹುಳ ಹುಪ್ಪಡಿ, ಮುಸುರೆ ತಿಂದು ಬದುಕುತ್ತದೆ. ಮರಿಗಳನ್ನು ತಾನೇ ಬೆಳೆಸುತ್ತದೆ. ಅವ್ವ ಬುಟ್ಟಿಗೆ ಬೂದಿ ಹಾಕಿ, ಮೇಲೆ ಹೊಟ್ಟು ಹಾಸಿ ತತ್ತಿ ಇಡುತ್ತಾಳೆ. ಬೂದಿ ಇದ್ದರೆ ಹೇನು ಆಗುವುದಿಲ್ಲ ಅಂತ ಅವಳ ಲೆಕ್ಕ. ಏಳನೇ ದಿನ ರಾತ್ರಿ ಮೊಬೈಲ್ ಟಾರ್ಚ್ ಮೇಲೆ ತತ್ತಿ ಹಿಡಿದು ನೋಡುವುದು ನನ್ನ ಪಾಲಿನ ಕೆಲಸ. ಒಳಗೆ ಬೇರಿನ ಹಾಗೆ ಕೆಂಪು ನರ ಹರಡಿದ್ದರೆ ಜೀವ ಇದೆ. ಏನೂ ಕಾಣದೆ ತಿಳಿಯಾಗಿದ್ದರೆ ತೆಗೆದುಬಿಡಬೇಕು. 21ನೇ ದಿನಕ್ಕೆ ಚಿಂವ್ ಚಿಂವ್ ಶುರು.

ಮನೆಯಲ್ಲಿ ಒಂದು ನಾಯಿ, ಒಂದು ಬೆಕ್ಕು ಸಹ ಇವೆ. ಬೆಕ್ಕು ಮರಿಯಾಗಿದ್ದಾಗ ಒಮ್ಮೆ ಕೋಳಿಮರಿ ಹಿಡಿಯಲು ಹೋಗಿ ತಾಯಿಕೋಳಿಯಿಂದ ಮೂಗಿಗೆ ಕುಕ್ಕಿಸಿಕೊಂಡಿತು. ಅಂದಿನಿಂದ ಇಲಿ ಮಾತ್ರ ಹಿಡಿಯುತ್ತದೆ. ನಾಯಿ ಮೋತಿ ಹಿತ್ತಲಿನ ಕಾವಲುಗಾರ. ಮುಂಗುಲಿ ಬಂದರೆ ಊರಿಗೆಲ್ಲ ಕೇಳುವ ಹಾಗೆ ಬೊಗಳುತ್ತಾನೆ. ಆದರೆ ಈ ಸಲ ಬಂದದ್ದು ಮುಂಗುಲಿ ಆಗಿರಲಿಲ್ಲ.

ಅದನ್ನು ಮನೆಗೆ ತಂದವನು ನಾನೇ ಇರಬೇಕು.

ಹತ್ತು ದಿನ ಮೊದಲು ಸಂತೆಯ ಸುದ್ದಿ ಮಾಡಲು ಹೋದವನು ಒಂದು ಹುಂಜ ಕಂಡೆ. ಕೆಂಪು ಮೈ, ಉದ್ದ ಬಾಲ. 600 ಹೇಳಿದ್ದನ್ನು ಚೌಕಾಸಿ ಮಾಡಿ 400ಕ್ಕೆ ತಂದೆ. ದೊಡ್ಡ ವ್ಯವಹಾರ ಗೆದ್ದ ಹಾಗೆ ಬೀಗಿದೆ. ಅದೇ ಸಂಜೆ ಉಳಿದವುಗಳ ಜೊತೆ ಗೂಡಿಗೆ ಬಿಟ್ಟೆ. ಮೂರನೇ ದಿನ ಅದು ತೂಕಡಿಸತೊಡಗಿತು, ನಾಲ್ಕನೇ ದಿನ ಸತ್ತಿತು. "ಬಿಸಲಿಗೆ ಹ್ವಾತು" ಅಂದುಕೊಂಡೆವು. ಮತ್ತೊಂದು ವಾರಕ್ಕೆ ಅವ್ವನ ಲೆಕ್ಕ 14ಕ್ಕೆ ಬಂತು. ಅದೇ ಹುಂಜ ತಂತು ಅಂತ ಆಣೆ ಮಾಡಿ ಹೇಳಲಾರೆ. ಆದರೆ ದಿನದ ಲೆಕ್ಕ ಅದರ ಕಡೆಗೇ ಬೆರಳು ತೋರಿಸುತ್ತದೆ.

ಉಳಿದವು ಕೂಡ ಚೆನ್ನಾಗಿರಲಿಲ್ಲ. ಬಾಯಿ ತೆರೆದು ಉಸಿರು ಎಳೆಯುತ್ತಿದ್ದವು. ಹಿಕ್ಕೆ ಹಸಿರು ನೀರಿನ ಹಾಗೆ. ಒಂದರ ಕುತ್ತಿಗೆ ಹಿಂದಕ್ಕೆ ತಿರುಚಿಕೊಂಡು ಅದು ಸುತ್ತು ಹೊಡೆಯುತ್ತಿತ್ತು. ವಿಡಿಯೊ ಮಾಡಿ ದನದ ದವಾಖಾನೆಯ ಡಾಕ್ಟರಿಗೆ ಕಳಿಸಿದೆ. ಕೂಡಲೇ ಫೋನ್ ಬಂತು.

"ನೋಡಿದ್ರ ಕೊಕ್ಕರೆ ರೋಗ ಇದ್ದಂಗ ಕಾಣತೈತ್ರಿ. ಇದಕ್ಕ ಔಷಧ ಇಲ್ಲ. ಛಲೋ ಇದ್ದವನ್ನ ಬ್ಯಾರೆ ಇಡ್ರಿ. ಲಸಿಕಿ ಹಾಕಿಸಿದ್ರೇನು?"

ನನಗೆ ಮಾತು ಹೊರಡಲಿಲ್ಲ. ಎರಡು ವರ್ಷದ ಹಿಂದೆ ಕೋಳಿಗಳಿಗೆ ಲಸಿಕೆ ಹಾಕಿಸಿ ಅನ್ನುವ ಪ್ರಕಟಣೆಯನ್ನು ಸುದ್ದಿ ಮಾಡಿ ಕಳಿಸಿದವನು ನಾನೇ. ನಾಲ್ಕು ಸಾಲು ಬಂದಿತ್ತು. ಅದರ ರೊಕ್ಕವನ್ನೂ ತಗೊಂಡಿದ್ದೆ. ಮನೆಗೆ ಬಂದು ಅವ್ವನಿಗೆ ಹೇಳಿರಲಿಲ್ಲ. ಅವ್ವನಿಗೆ ಓದಲು ಬರುವುದಿಲ್ಲ.

ಕೊಕ್ಕರೆ ರೋಗಕ್ಕೆ ರಾಣಿಖೇತ್ ರೋಗ ಅಂತಲೂ ಹೇಳುತ್ತಾರೆ. ರಾಣಿಖೇತ್ ಉತ್ತರಾಖಂಡದ ಒಂದು ಗುಡ್ಡದ ಊರು. 1920ರ ದಶಕದಲ್ಲಿ ನಮ್ಮ ದೇಶದಲ್ಲಿ ಈ ರೋಗವನ್ನು ಮೊದಲು ಗುರುತಿಸಿದ್ದು ಅಲ್ಲಿ. ಇದು ವೈರಸ್. ಹಿಕ್ಕೆ, ಜೊಲ್ಲು, ನೀರಿನ ಪಾತ್ರೆ, ನಮ್ಮ ಚಪ್ಪಲಿ, ಸಂತೆಯ ಬುಟ್ಟಿ, ಎಲ್ಲದರ ಮೂಲಕ ಹರಡುತ್ತದೆ. ಲಸಿಕೆ ಹಾಕದ ಗೂಡಿಗೆ ಹೊಕ್ಕರೆ ಗೂಡೇ ಖಾಲಿ ಆಗಬಹುದು. ಹಕ್ಕಿಜ್ವರವೂ ನೋಡಲು ಹೀಗೇ ಇರಬಹುದು. ಅದಕ್ಕೇ ಒಮ್ಮೆಲೇ ಹಲವು ಕೋಳಿ ಸತ್ತರೆ ಮುಚ್ಚಿಡದೆ ದವಾಖಾನೆಗೆ ತಿಳಿಸಿ ಅಂತ ಡಾಕ್ಟರು ಹೇಳುವುದು.

ನಾಲ್ಕು ದಿನದಲ್ಲಿ 7 ಉಳಿದವು. ಐದನೇ ದಿನ ಕೋಳಿ ವ್ಯಾಪಾರಿ ಬಂದ. ಗಾಡಿಯ ಹಿಂದೆ ಬುಟ್ಟಿ ಕಟ್ಟಿಕೊಂಡು ಹಳ್ಳಿ ಹಳ್ಳಿ ತಿರುಗುವವನು. ಯಾರ ಮನೆಯಲ್ಲಿ ಬ್ಯಾನಿ ಬಿದ್ದಿದೆ ಅನ್ನುವುದು ಅಂಥವರಿಗೆ ನಮಗಿಂತ ಮೊದಲು ಗೊತ್ತಿರುತ್ತದೆ. "ಅರ್ಧ ರೇಟಿಗೆ ಕೊಡ್ರಿ. ನಾಳಿಗೆ ಸತ್ತರ ಅದೂ ಇಲ್ಲ" ಅಂದ.

ಸುಳ್ಳು ಯಾಕೆ ಹೇಳಲಿ, ನಾನು ಕೊಡೋಣ ಅಂದೆ. ನನ್ನ ಹೆಂಡತಿಯೂ ಅದನ್ನೇ ಅಂದಳು. ಆ ತಿಂಗಳು ಮಗಳ ಶಾಲೆಯ ಖರ್ಚು ಬೇರೆ ಇತ್ತು.

ಅವ್ವ ಗೂಡಿನ ಮುಂದೆ ಕೂತವಳು ಏಳಲೇ ಇಲ್ಲ. "ಬ್ಯಾಡ. ನಮ್ಮನಿಗೆ ಈ ಬ್ಯಾನಿ ಬಂದದ್ದು ಹಿಂಗ ಬಂದಿರಬೇಕಲ್ಲ? ಯಾವಾಕಿಯೋ ಸಾಯೂ ಹುಂಜನ್ನ ಮಾರಿದ್ಲು, ನೀ ತಂದಿ. ಈಗ ನಾ ಮಾರಿದ್ರ ಇನ್ನೊಬ್ಬಾಕಿ ಹಿತ್ತಲಕ್ಕ ಹೋಗತಾವು. ಆಕಿಗೂ ಒಬ್ಬ ಮಗ ಇರತಾನ, ಸಾಲಿ ಕಲಿಯಾವ."

ವ್ಯಾಪಾರಿ ಗಾಡಿ ಚಾಲೂ ಮಾಡಿಕೊಂಡು ಹೋದ.

ಆ 7ರಲ್ಲಿ ಉಳಿದದ್ದು 2. ಒಂದು ಕರಿ ಕೋಳಿ, ಒಂದು ಎಳೆ ಹುಂಜ.

ಸತ್ತವುಗಳನ್ನು ಹಿತ್ತಲಿನ ಮೂಲೆಯಲ್ಲಿ ಹೂಳಿದೆವು. ಅಲ್ಲಿಯೂ ನನ್ನ ತಪ್ಪು. ಬೇಸಿಗೆಯ ಎರೆ ಮಣ್ಣು ಕಲ್ಲಿನ ಹಾಗೆ ಗಟ್ಟಿ, ಒಂದು ಮೊಳ ಅಗೆದು ಸಾಕು ಅಂದೆ. ರಾತ್ರಿ ಮೋತಿ ಅದನ್ನು ಕೆದರಿ ಒಂದು ಕೋಳಿಯನ್ನು ಕಚ್ಚಿಕೊಂಡು ಬಂದು ಹೊಸ್ತಿಲ ಮುಂದೆ ಇಟ್ಟು ಕೂತಿದ್ದ. ತಿಂದಿರಲಿಲ್ಲ. ಬೆಳಿಗ್ಗೆ ಮೊದಲು ನೋಡಿದ್ದು ಮಗಳು. ಅದು ಅವಳೇ ಹೆಸರಿಟ್ಟು ಸಾಕಿದ ಕೋಳಿ. ಅವಳು ಅತ್ತದ್ದು ಮೋತಿಗೆ ಬೈದಿದ್ದಕ್ಕೋ ಕೋಳಿಗೋ ಗೊತ್ತಾಗಲಿಲ್ಲ. ಆಮೇಲೆ ಸೊಂಟದಷ್ಟು ಆಳ ಅಗೆದು, ಸುಣ್ಣ ಸುರಿದು, ಮೇಲೆ ಕಲ್ಲು ಹೇರಿದೆವು. ಸತ್ತ ಕೋಳಿಯನ್ನು ಹಳ್ಳಕ್ಕೆ, ತಿಪ್ಪೆಗೆ ಎಸೆದರೆ ನಾಯಿ, ಕಾಗೆ ಎಳೆದಾಡಿ ರೋಗವನ್ನು ಊರಿಗೆಲ್ಲ ಹಂಚುತ್ತವೆ.

ಅಷ್ಟರಲ್ಲಿ ಅದು ಗೋಡೆ ದಾಟಿಯೂ ಆಗಿತ್ತು. ಬಾಜೂ ಮನೆ ಕಾಕುನ 6 ಕೋಳಿ ಸತ್ತವು. ಕಾಕು ಅವ್ವನ ಜೊತೆ ಮಾತು ಬಿಟ್ಟಳು. ಒಂದು ಸಂಜೆ ನಾನೇ ಹೋಗಿ, "ಕಾಕು, ಹುಂಜ ತಂದಾವ ನಾನು. ಅವ್ವಂದೇನೂ ತಪ್ಪಿಲ್ಲ" ಅಂದೆ. ಕಾಕು ಏನೂ ಅನ್ನಲಿಲ್ಲ. ಚಹಾನೂ ಕೊಡಲಿಲ್ಲ.

ಗೂಡಿಗೆ ಸುಣ್ಣ ಬಳಿದು ಬಿಸಿಲಿಗೆ ಬಿಟ್ಟೆವು. ಎರಡು ತಿಂಗಳು ಕಳೆದ ಮೇಲೆ ಲಸಿಕೆ ಕೇಳಲು ದವಾಖಾನೆಗೆ ಹೋದೆ. ಡಾಕ್ಟರು ನಕ್ಕರು. "ಎರಡು ಕೋಳಿಗೆ ಬಾಟಲಿ ಒಡಿಯಾಕ ಬರೂದಿಲ್ರಿ" ಅಂದರು.

ವಿಷಯ ಹೀಗಿದೆ. ಲಸಿಕೆ ಒಣಪುಡಿಯ ರೂಪದಲ್ಲಿ ಸಣ್ಣ ಬಾಟಲಿಯಲ್ಲಿ ಬರುತ್ತದೆ. ನಮಗೆ ಸಿಕ್ಕದ್ದು 100 ಕೋಳಿಗೆ ಆಗುವಂಥದ್ದು. ತಂಪಿನಲ್ಲೇ ಇರಬೇಕು. ನೀರು ಬೆರೆಸಿದ ಮೇಲೆ ಒಂದೆರಡು ತಾಸಿನಲ್ಲಿ ಹಾಕಿ ಮುಗಿಸಬೇಕು, ಉಳಿದದ್ದು ನಾಳೆಗೆ ಬರುವುದಿಲ್ಲ. ಮರಿಗೆ ಐದರಿಂದ ಏಳನೇ ದಿನಕ್ಕೆ ಕಣ್ಣಿಗೋ ಮೂಗಿಗೋ ಒಂದು ಹನಿ. ಎಂಟು ವಾರ ದಾಟಿದ್ದಕ್ಕೆ ರೆಕ್ಕೆಯ ಕೆಳಗೆ ಚರ್ಮದಡಿ ಸೂಜಿ. ಇವೆರಡೂ ಬೇರೆ ಬೇರೆ ಬಾಟಲಿ. ಆರೋಗ್ಯವಾಗಿರುವ ಕೋಳಿಗೆ ಮಾತ್ರ ಹಾಕುವುದು. ಅಂದರೆ ಹತ್ತು ಹನ್ನೆರಡು ಕೋಳಿ ಇಟ್ಟುಕೊಂಡ ಒಂದೇ ಮನೆಗೆ ಈ ಬಾಟಲಿ ಹೊಂದುವುದಿಲ್ಲ. ಓಣಿಯೇ ಕೂಡಬೇಕು. ನನ್ನ ನಾಲ್ಕು ಸಾಲಿನ ಸುದ್ದಿಯಲ್ಲಿ ಇದೊಂದು ಮಾತು ಇರಲಿಲ್ಲ.

ಅವ್ವನಿಗೆ ಹೇಳಿದೆ. ಅವಳು ಸೆರಗು ಸಿಕ್ಕಿಸಿಕೊಂಡು ಹೊರಟಳು, ನಾನು ನೋಟ್‌ಬುಕ್ ಹಿಡಿದು ಹಿಂದೆ. ಊರಲ್ಲಿ ಕೋಳಿ ಸಾಕುವುದನ್ನು ಎಲ್ಲರೂ ಬಾಯಿಬಿಟ್ಟು ಹೇಳುವುದಿಲ್ಲ. ಕೆಲವರ ಕೋಳಿ ಹೊಲದ ಗುಡಿಸಲಲ್ಲಿ ಇರುತ್ತವೆ. ಅಂಥವರೂ ಅವ್ವನ ಕಿವಿಯಲ್ಲಿ ಲೆಕ್ಕ ಹೇಳಿದರು. ಮೂಲೆ ಮನೆಯ ಆಯಿ ಮಾತ್ರ ಒಪ್ಪಲಿಲ್ಲ. "ಸೂಜಿ ಚುಚ್ಚಿದ್ರ ತತ್ತಿ ಬಿಡತಾವು" ಅಂದಳು. "ಬಂದು ನನ್ನ ಗೂಡು ನೋಡು ಬಾರ" ಅಂದಳು ಅವ್ವ. ಆಯಿ ಬರಲಿಲ್ಲ.

9 ಮನೆ, 83 ಕೋಳಿ ಆದವು. ಮಂಜುಗಡ್ಡೆ ತುಂಬಿದ ಥರ್ಮಾಸ್‌ನಲ್ಲಿ ಬಾಟಲಿ ಇಟ್ಟುಕೊಂಡು ಬಸ್ಸಿನಲ್ಲಿ ತಂದೆ. ಕೋಳಿ ಗೂಡು ಸೇರಿದ ಮೇಲೆ ಹಿಡಿಯುವುದು ಸುಲಭ, ಹಾಗಾಗಿ ಕತ್ತಲಾಗುವ ಹೊತ್ತಿಗೆ ಡಾಕ್ಟರು ಬಂದರು. ಮಗಳು ಟಾರ್ಚ್ ಹಿಡಿದಳು. ಬಾಜೂ ಮನೆ ಕಾಕು ಹೊಸದಾಗಿ ತಂದ ಎರಡು ಕೋಳಿಯನ್ನು ಕಂಕುಳಲ್ಲಿ ಹಿಡಿದು ಬಂದು ಸಾಲಿನಲ್ಲಿ ನಿಂತಳು. ಅವ್ವನ ಕಡೆ ನೋಡಿ, "ಸರೀ ಹಿಡೀವಾ, ಕಾಲ ಮುರದೀ" ಅಂದಳು. ಮಾತು ಶುರುವಾಯಿತು.

ಹೋಗುವ ಮುಂಚೆ ಡಾಕ್ಟರು ಮೋತಿಯನ್ನು ನೋಡಿ ಕೇಳಿದರು, "ಇವಂಗ ರೇಬೀಸ್ ಲಸಿಕಿ ಆಗೇತೇನ್ರಿ?" ಅದೂ ಆಗಿರಲಿಲ್ಲ. ಮಗಳು ದಿನಾ ಅವನ ಕುತ್ತಿಗೆ ತಬ್ಬಿ ಮಲಗುತ್ತಾಳೆ. ರೇಬೀಸ್ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಉಳಿಯುವ ದಾರಿ ಇಲ್ಲ ಅಂತ ನಾನೇ ಎಷ್ಟು ಸಲ ಬರೆದಿದ್ದೇನೆ. ಮರಿಗೆ ಮೂರು ತಿಂಗಳಾದಾಗ ಒಂದು, ಆಮೇಲೆ ವರ್ಷಕ್ಕೊಂದು ಸೂಜಿ. ಮರುದಿನವೇ ಹಾಕಿಸಿದೆ.

ಹೊಸ ಕೋಳಿ ತಂದರೆ ಈಗ ಮೂರು ವಾರ ಬೇರೆ ಬುಟ್ಟಿಯಲ್ಲಿ, ಬೇರೆ ನೀರು, ಬೇರೆ ಕಾಳು. ಕರಿ ಕೋಳಿಯ ಕೆಳಗೆ ಅವ್ವ ತನ್ನ ತವರಿನಿಂದ ಪಾಲಿಗೆ ತಂದ 12 ತತ್ತಿ ಇಟ್ಟಳು. 9 ಮರಿ ಆದವು, 4 ತವರಿಗೆ ಹೋದವು. ಈಗ ಬೆಳಿಗ್ಗೆ ಲೆಕ್ಕ 7ರಿಂದ ಮತ್ತೆ ಶುರುವಾಗಿದೆ.

ಇದನ್ನು ಬರೆಯುತ್ತ ಕೂತಾಗ ಅವ್ವ ಕೇಳಿದಳು, "ಏನ್ ಬರ್ಯಾಕತ್ತಿ?"

"ನಮ್ಮ ಕೋಳಿ ಸುದ್ದಿ. ಎಲ್ಲಾರೂ ಮೊಬೈಲ್‌ನ್ಯಾಗ ಓದತಾರ."

ಅವ್ವ ಒಂದು ಗಳಿಗೆ ಸುಮ್ಮನಿದ್ದು ಅಂದಳು, "ಬರಿ. ಆದ್ರ ಮೊದಲ ಮೂಲಿ ಮನಿಗೆ ಹೋಗಿ ಆಯಿಗೆ ಬಾಯಿಲೆ ಹೇಳಿ ಬಾ. ಆಕಿಗೂ ನನ್ನಂಗ ಓದಾಕ ಬರೂದಿಲ್ಲ."